ಅರಿಶಿಣ ದಾರ ಕಟ್ಟಿದ ಆರು ಅಡಾಪ್ಟರು

ಮಾಶಾಬಿ ಮೊದಲ ಸಲ ಸಾಲೆಯ ಅಡುಗೆಕೋಣೆಯ ಬಾಗಿಲಿಗೆ ಬಂದದ್ದು ಎರಡು ಸಾವಿರದ ಹನ್ನೊಂದನೆಯ ಇಸವಿ, ಜುಲೈ ತಿಂಗಳ ಎರಡನೆಯ ಮಂಗಳವಾರ. ಯಲಬುರ್ಗಾದಿಂದ ಬರುವ ಹತ್ತೂವರೆಯ ಬಸ್ಸಿನಿಂದ ಇಳಿದವಳು, ಹೆಗಲ ಚೀಲವನ್ನೂ ಇಳಿಸದೆ ಒಲೆಯ ಹತ್ತಿರ ಬಂದು ನಿಂತಳು. ಬಿಸಿಲಲ್ಲಿ ಬಂದವರು ನೀರು ಕೇಳುತ್ತಾರೆ. ಇವಳು ಸೂಜಿ ಕೇಳಿದಳು.

ಬಿಸಿಯೂಟದ ಅಡುಗೆ ಮಾಡುವ ಹುಲಗೆಮ್ಮ ಸೆರಗಿಗೆ ಚುಚ್ಚಿಕೊಂಡಿದ್ದ ಸೂಜಿ ತೆಗೆದು ಕೊಟ್ಟಳು. ಕೊಟ್ಟ ಸೂಜಿ ಎಲ್ಲಿಗೆ ಹೋಗುತ್ತದೆ ಎಂದು ನೋಡಲು ಹಿಂದೆಯೇ ಹೋದಳು. ಕೊಪ್ಪಳದ ಯಾವುದೋ ಕಚೇರಿಯವರು ತಮಗೆ ಬೇಡವಾದ ಆರು ಕಂಪ್ಯೂಟರುಗಳನ್ನು ಆ ಹಳ್ಳಿಯ ಸಾಲೆಗೆ ಕೊಟ್ಟು ಒಂದು ವರ್ಷವಾಗಿತ್ತು, ಒಂದೂ ನಡೆಯುತ್ತಿರಲಿಲ್ಲ. ಮಾಶಾಬಿ ಒಂದು ಮೌಸನ್ನು ಅಂಗಾತ ಮಲಗಿಸಿ, ಹೊಟ್ಟೆಯ ಮುಚ್ಚಳ ತಿರುವಿ, ಗಜ್ಜುಗದಂಥ ಗುಂಡನ್ನು ಹೊರಗೆ ಉರುಳಿಸಿದಳು. ಒಳಗಿನ ಸಣ್ಣ ಉರುಳೆಗಳಿಗೆ ಸುತ್ತಿಕೊಂಡ ಕೊಳೆಯನ್ನು ಸೂಜಿಯಿಂದ ಕೆರೆದಳು. ಮತ್ತೆ ಗುಂಡು ಹಾಕಿ ಸರಿಸಿದರೆ ಪರದೆಯ ಮೇಲಿನ ಬಾಣ ಸರಸರ ಓಡಿತು. ಆರನ್ನೂ ಹೀಗೆ ಮಾಡಲು ಒಂದು ತಾಸು ಹಿಡಿಯಿತು. ಸೂಜಿಯನ್ನು ಒರೆಸಿ ವಾಪಸು ಕೊಟ್ಟಳು. ಅಂದಿನಿಂದ ಹುಲಗೆಮ್ಮನಿಗೆ ಅವಳ ಮೇಲೆ ನಂಬಿಕೆ.

ಮಾಶಾಬಿ ಗಂಗಾವತಿಯವಳು. ತಾಯಿ ಬಾನುಬೀ ಹಳ್ಳಿ ಹಳ್ಳಿ ತಿರುಗಿ ಬಳೆ ತೊಡಿಸುವವಳು. ಮಗಳು ಹತ್ತನೆಯ ಇಯತ್ತೆ ಮುಗಿಸಿ, ರಿಪೇರಿ ಅಂಗಡಿಯೊಂದರಲ್ಲಿ ಏಳು ವರ್ಷ ಸ್ಕ್ರೂ ಬಿಚ್ಚಿ ಬಿಚ್ಚಿ ಕೆಲಸ ಕಲಿತಿದ್ದಳು. ಯಲಬುರ್ಗಾ, ಕುಷ್ಟಗಿ ಕಡೆಯ ಹದಿನಾಲ್ಕು ಸಾಲೆಗಳ ಹಳೆಯ ಕಂಪ್ಯೂಟರು ನೋಡಿಕೊಳ್ಳಲು ಅವಳಿಗೆ ಒಂದು ಪರವಾನಗಿ ಚೀಟಿ ಸಿಕ್ಕಿತ್ತು. ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಟ್ಟುಕೊಂಡಿದ್ದಳು. ಆ ಚೀಟಿ ಹೋದರೆ ಅವಳ ಬದುಕೇ ಹೋಯಿತು. ಹೆಂಗಸಿನ ಕೈಗೆ ಮಷಿನ್ ಕೊಡುವ ಅಂಗಡಿ ಬೇರೆ ಎಲ್ಲಿತ್ತು?

ಸಾಲೆಗೆ ಇಂಟರ್‌ನೆಟ್ಟಿನ ತಂತಿ ಇರಲಿಲ್ಲ. ಗೋಡೆಯಾಚೆಯ ಪಂಚಾಯತಿಯಲ್ಲಿತ್ತು. ಅಲ್ಲಿಂದ ಗಾಳಿಯಲ್ಲೇ ತರಿಸಿಕೊಳ್ಳಲು ಒಂದೊಂದು ಕಂಪ್ಯೂಟರಿಗೂ ಹೆಬ್ಬೆರಳಿನಷ್ಟು ಉದ್ದದ ವೈರ್‌ಲೆಸ್ ಅಡಾಪ್ಟರು ಬೇಕು. ಹಳೆಯ ಕಂಪ್ಯೂಟರು ಅದನ್ನು ತಾನಾಗಿ ಗುರುತು ಹಿಡಿಯುವುದಿಲ್ಲ. ಡ್ರೈವರ್ ಎಂಬುದನ್ನು ಹಾಕಿ ಪರಿಚಯ ಮಾಡಿಸಬೇಕು. ಮಾಶಾಬಿ ಮೂರು ಮಂಗಳವಾರ ಬಂದು ಆರಕ್ಕೂ ಪರಿಚಯ ಮಾಡಿಸಿದಳು. ಆಮೇಲೆ ಒಂದು ಕೆಲಸ ಮಾಡಿದಳು. ಪ್ರತಿ ಅಡಾಪ್ಟರಿಗೂ ಒಂದೊಂದು ಬಣ್ಣದ ದಾರ ಕಟ್ಟಿ, ಅದು ಕೂರುವ ಕಿಂಡಿಯ ಪಕ್ಕದಲ್ಲೂ ಅದೇ ಬಣ್ಣದ ದಾರ ಅಂಟಿಸಿದಳು. ಕೆಂಪಿಗೆ ಕೆಂಪು, ಹಸಿರಿಗೆ ಹಸಿರು. ಯಾಕೆಂದು ಹುಲಗೆಮ್ಮ ಕೇಳಿದಳು.

"ಹಳೇ ಮಷಿನ್ ಮುದುಕ್ಯಾರ ಇದ್ದಂಗ್ರಿ, ಅಮ್ಮಾರ. ಕೂಡೂ ಜಾಗಾ ಬದಲ ಮಾಡಿದ್ರ ಗುರ್ತಾನ ಹಿಡಿಯಂಗಿಲ್ಲ, ಮಾರಿ ತಿರುವಿ ಕುಂಡ್ರತಾವ."

ಹುಲಗೆಮ್ಮ ನಕ್ಕಳು. ಆಗಸ್ಟಿನಲ್ಲಿ ಹದಿನೆಂಟು ಮಕ್ಕಳು ಯಲಬುರ್ಗಾಕ್ಕೆ ಬಸ್ಸು ಹತ್ತದೆ, ಅಲ್ಲೇ ಕುಳಿತು ವಿದ್ಯಾರ್ಥಿವೇತನದ ಅರ್ಜಿ ತುಂಬಿದರು.

ದಸರೆಯ ರಜೆ ಬಿಡುವ ದಿನ ಹೆಡ್‌ಮಾಸ್ತರ ಕರಿಬಸಪ್ಪ ಕಂಪ್ಯೂಟರುಗಳಿಗೆ ಖಂಡೇಪೂಜೆ, ಅಂದರೆ ಆಯುಧಪೂಜೆ, ಇಟ್ಟುಕೊಂಡ. ಕೋಣೆ ಸಾರಿಸಿದವಳು ಹುಲಗೆಮ್ಮ, ಹೂವು ಪೋಣಿಸಿದವಳು ಹುಲಗೆಮ್ಮ. ಪೂಜೆ ಶುರುವಾದಾಗ, ಗಂಡನಿಲ್ಲದಾಕಿ ಹೊಸ್ತಿಲ ಹೊರಗೆ ನಿಲ್ಲಲಿ ಅಂದರು. ನಿಂತಳು. ನಿಂತವಳಿಗೆ ಎಲ್ಲ ಕಂಡಿತು. ಕರಿಬಸಪ್ಪ ಆರೂ ಅಡಾಪ್ಟರುಗಳನ್ನು ಕಿತ್ತು ಒಂದೇ ತಾಟಿನಲ್ಲಿ ಗುಡ್ಡೆ ಹಾಕಿದ. ಮೌಸುಗಳನ್ನು ಹಸಿ ಅರಿವೆಯಿಂದ ಒರೆಸಿ ಮೂರು ಬೆರಳು ವಿಭೂತಿ ಎಳೆದ. ವಿಭೂತಿಯ ನೀರು ಗುಂಡಿನ ಸಂದಿಗೆ ಇಳಿಯಿತು. ಆಮೇಲೆ ಬಣ್ಣದ ದಾರಗಳನ್ನು ಹರಿಯತೊಡಗಿದ. ಹುಲಗೆಮ್ಮ ತಡೆಯಲಾರದೆ, ಅವನ್ನು ಬಿಚ್ಚಬ್ಯಾಡ್ರಿ ಸರ, ಅದು ಮಾಶಾಬಿ ಇಟ್ಟ ಗುರುತು ಅಂದಳು. ಮೈಲಿಗೆ ದಾರ ಪೂಜೆಗೆ ಬರುವುದಿಲ್ಲ, ನೀನು ನಿನ್ನ ಸಾರು ನೋಡಿಕೋ ಅಂದ ಅವನು. ಆರಕ್ಕೂ ಅರಿಶಿಣ ದಾರ ಕಟ್ಟಿದ. ಕಾಯಿ ಒಡೆದ. ಕೈಗೆ ಬಂದದ್ದನ್ನು ಕೈಗೆ ಸಿಕ್ಕ ಕಿಂಡಿಗೆ ತುರುಕಿ ಕೋಣೆಗೆ ಕೀಲಿ ಹಾಕಿದ.

ರಜೆ ಮುಗಿದು ತೆರೆದರೆ ಒಂದೂ ನಡೆಯಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮಾಶಾಬಿ ಒಳ್ಳೆಯ ಅಡಾಪ್ಟರು ಕದ್ದು ಕೆಟ್ಟವನ್ನು ಇಟ್ಟು ಹೋಗಿದ್ದಾಳೆ ಎಂದು ಕರಿಬಸಪ್ಪ ಮೇಲಿನ ಕಚೇರಿಗೆ ಬರೆದ. ತನ್ನ ಕೈಯಿಂದಲೇ ಕಟ್ಟಿದ ಅರಿಶಿಣ ದಾರ ಕಣ್ಣ ಮುಂದಿರುವಾಗಲೇ ಬರೆದ. ಆ ಸುದ್ದಿ ಕೇಳಿದ ದಿನ ಹುಲಗೆಮ್ಮ ಸಿಟ್ಟಿಗೆ ಬೇಳೆ ಸೀಯಿಸಿದಳು. ಒಂಬತ್ತು ವರ್ಷದ ಬಿಸಿಯೂಟದಲ್ಲಿ ಅದು ಮೊದಲ ಸಲ.

ನವೆಂಬರಿನಲ್ಲಿ ವಿಚಾರಣೆಗೆ ಒಬ್ಬ ಸಾಹೇಬ ಜೀಪಿನಲ್ಲಿ ಬಂದ. ಒಂದೇ ಒಂದು ತಾಸು ಕೊಡಿ, ಆರನ್ನೂ ಇಲ್ಲೇ ನಡೆಸಿ ತೋರಿಸುತ್ತೇನೆ ಎಂದು ಮಾಶಾಬಿ ಕೇಳಿಕೊಂಡಳು. ಸಾಹೇಬನಿಗೆ ತಾಸು ಇರಲಿಲ್ಲ. ನೀನೇ ಕಳ್ಳಿ, ನಿನ್ನ ಕೈಗೇ ಮತ್ತೆ ಕೊಡುವುದೇ ಎಂದು ಕರಿಬಸಪ್ಪ ನಡುವೆ ಬಾಯಿ ಹಾಕಿದ. ಈಕೆ ಹೋದ ಮೇಲೆ ಇವನ್ನು ಯಾರಾದರೂ ಮುಟ್ಟಿದಿರಾ ಎಂದು ಸಾಹೇಬ ಕೇಳಿದ. ಮಾಸ್ತರರೆಲ್ಲ ನೆಲ ನೋಡಿದರು. ಅಷ್ಟರಲ್ಲಿ ಚಹಾದ ತಾಟು ಹಿಡಿದು ಬಂದ ಹುಲಗೆಮ್ಮನ ಕಡೆ ಅವನು ತಿರುಗಿದ.

"ಕ್ವಾಣಿ ಕಸಾ ಹೊಡಿಯಾಕಿ ನೀನ ಅಲ್ಲೇನವಾ? ಯಾರರ ಮುಟ್ಟಿದ್ದ ಕಂಡಿಯೇನು?"

ಹುಲಗೆಮ್ಮನ ನಾಲಿಗೆಯ ಮೇಲೆ ಪೂಜೆಯ ತಾಟು, ವಿಭೂತಿ, ಹರಿದ ಆರು ದಾರ ಎಲ್ಲ ಬಂದು ನಿಂತಿದ್ದವು. ಕರಿಬಸಪ್ಪ ಅವಳನ್ನು ನೋಡಿದ. ಬರುವ ಜೂನಿಗೆ ಅಡುಗೆಯವರ ಹೆಸರು ಬರೆದು ಕಳಿಸುವವನು ಅವನೇ.

"ನನಗೇನ ತಿಳೀತೈತ್ರಿ ಸಾಹೇಬ್ರ. ನಾ ಅಡಿಗಿ ಮಾಡಾಕಿ" ಅಂದಳು.

ಜೀಪು ಹೋಯಿತು. ಹದಿನೈದು ದಿನಕ್ಕೆ ಕಾಗದ ಬಂತು: ಹದಿನಾಲ್ಕೂ ಸಾಲೆಗಳಲ್ಲಿ ಮಾಶಾಬಿ ಇನ್ನು ಕಾಲಿಡುವಂತಿಲ್ಲ. ಆ ಹದಿನೈದು ದಿನ ಹುಲಗೆಮ್ಮ ಕರಿಬಸಪ್ಪನನ್ನು ಒಲೆಯ ಮುಂದೆ ಕುಳಿತು ಬೈದಳು, ಕಲ್ಲಿನ ಮೇಲೆ ಮಸಾಲೆ ಅರೆಯುತ್ತ ಬೈದಳು. ಬೈಗುಳ ಮುಗಿದಾಗಲೆಲ್ಲ ತನ್ನದೇ ಮಾತು ಕಿವಿಗೆ ಬರುತ್ತಿತ್ತು. ಆಗ ಬೈಯಲು ಬೇರೆ ಯಾರೂ ಉಳಿಯುತ್ತಿರಲಿಲ್ಲ.

ಡಿಸೆಂಬರಿನ ಮೊದಲ ಮಂಗಳವಾರ ಮಾಶಾಬಿ ಪರವಾನಗಿ ಚೀಟಿ ಒಪ್ಪಿಸಲು ಬಂದಳು. ಕಂಪ್ಯೂಟರ್ ಕೋಣೆಯ ಕಡೆಗೆ ಹೋಗಗೊಡಲಿಲ್ಲ. ಚೀಟಿ ಕೊಟ್ಟು, ಸಹಿ ಮಾಡಿ, ಅಡುಗೆಕೋಣೆಗೆ ಬಂದಳು. ಹುಲಗೆಮ್ಮ ಮಣೆ ಹಾಕಿ, ತಾಟಿಗೆ ಅನ್ನ ಬಡಿಸಿದಳು. ಅವಳು ಕೂರಲಿಲ್ಲ. ಅಳಲೂ ಇಲ್ಲ. ದನಿ ಎತ್ತಿದ್ದರೆ ಹುಲಗೆಮ್ಮನಿಗೆ ಹಗುರಾಗುತ್ತಿತ್ತು; ಅದನ್ನೂ ಮಾಡಲಿಲ್ಲ. ಪೂಜೆ ನೋಡಿದ್ದ ಮೂರನೆಯ ತರಗತಿಯ ಹುಡುಗಿಯೊಬ್ಬಳಿಂದ ಗೊತ್ತಾಯಿತು ಎಂದು ಹೇಳಿ, ಮೆಲ್ಲಗೆ ಕೇಳಿದಳು:

"ಪೂಜಿ ದಿನ ಹೊಸ್ತಿಲದಾಗ ನೀವ ನಿಂತಿದ್ರಂತಲ್ರಿ, ಅಮ್ಮಾರ. ನನ್ನ ದಾರ ಹರಿಬ್ಯಾಡ್ರಿ ಅಂತ ಅವಗ ಅಂದವರು, ಸಾಹೇಬ್ರು ಕೇಳಿದಾಗ ಯಾಕ ಅನಲಿಲ್ರಿ?"