ಹುಳುಮನೆಯ ಕದಿರಮ್ಮ

ಕೆಂಚಾರ್ಲಹಳ್ಳಿಯ ಕದಿರಮ್ಮನಿಗೆ ಮೂರನೆಯ ಹೆರಿಗೆಯಾದಾಗಿನಿಂದ ತಲೆ ಸಿಡಿಯುತ್ತಿತ್ತು. ಚಿಂತಾಮಣಿಯ ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ ನೋಡಿ, ಅವಳ ಗಂಡ ನರಸಿಂಹಪ್ಪನಿಗೆ ಎಚ್ಚರಿಸಿದರು: “ರಕ್ತದೊತ್ತಡ ಬಹಳ ಏರಿದೆ. ಉಪ್ಪು ಕಡಿಮೆ ಮಾಡಿ, ನಿದ್ದೆ ಮಾಡೋಕೆ ಬಿಡಿ. ಇಲ್ಲದಿದ್ರೆ ಕೈಕಾಲು ಬಿದ್ದುಹೋದಾವು.”

“ತಲೆನೋವು ಯಾವ ಹೆಂಗಸಿಗಿಲ್ಲ? ರೇಷ್ಮೆಹುಳಕ್ಕೆ ಸೊಪ್ಪು ಹಾಕೋರ್ಯಾರು?” ಎಂದು ಅತ್ತೆ ಅಶ್ವತ್ಥಮ್ಮ ಹಂಗಿಸಿದಳು. ನರಸಿಂಹಪ್ಪ ಅದಕ್ಕೇ ತಲೆಯಾಡಿಸಿದ.

೧೯೬೨ರ ಬೇಸಿಗೆಯಲ್ಲಿ, ಹಿಪ್ಪುನೇರಳೆ ಸೊಪ್ಪಿನ ಹೊರೆ ಇಳಿಸುತ್ತಿದ್ದ ಕದಿರಮ್ಮ ಅಂಗಳದಲ್ಲೇ ಕುಸಿದಳು. ಬಲಗೈ, ಬಲಗಾಲು ಅಲುಗಲಿಲ್ಲ. ಬಾಯಿ ಒಂದು ಕಡೆಗೆ ಎಳೆದುಕೊಂಡಿತು.

“ನಾಟ್ಕ ಆಡ್ತಾವ್ಳೆ,” ಎಂದಳು ಅತ್ತೆ. ಜೊಲ್ಲು ಸುರಿದದ್ದು ಕಂಡಮೇಲೆ ರಾಗ ಬದಲಾಯಿತು. “ಲಕ್ವ ಕಣೋ. ಇವ್ಳಿನ್ನು ಯಾತಕ್ಕೂ ಬರಲ್ಲ.”

ಆಸ್ಪತ್ರೆಗೆ ಒಯ್ಯಲಿಲ್ಲ. ಲಕ್ವಕ್ಕೆ ಮದ್ದೆಂದು ಪಾರಿವಾಳದ ರಕ್ತ ಉಜ್ಜಿ, ರೇಷ್ಮೆಹುಳು ಸಾಕುವ ಕೋಣೆಯ ಮೂಲೆಯಲ್ಲಿ ಚಾಪೆ ಹಾಸಿದರು.

ಮಾತು ಹೋಗಿತ್ತೇ ಹೊರತು ಬುದ್ಧಿ ಹೋಗಿರಲಿಲ್ಲ. ಅವಳೆದುರಿಗೇ ತಾಯಿ ಮಗ ಎರಡನೆಯ ಮದುವೆಯ ಮಾತಾಡಿದರು. ಮೊದಲನೆಯವಳು ಸತ್ತಳೆಂದು ಹೇಳಿಬಿಡುವುದೆಂದೂ ಗೊತ್ತುಮಾಡಿದರು. ಕದಿರಮ್ಮ ಹಲ್ಲು ಕಚ್ಚಿಕೊಂಡು, ಯಾರೂ ಇಲ್ಲದಾಗ ಗೋಡೆ ಹಿಡಿದು ನಿಲ್ಲುವುದನ್ನು ಕಲಿತಳು.

ಗೌರಿಬಿದನೂರಿನಿಂದ ಹೆಣ್ಣಿನ ಕಡೆಯವರು ಮನೆ ನೋಡಲು ಬಂದರು.

“ಪಾಪ, ಹೋದೋಳಿಗೆ ಏನಾಗಿತ್ತಪ್ಪ?” ಹುಡುಗಿಯ ತಾಯಿ ಕೇಳಿದ್ದು ಒಳಕ್ಕೆ ಕೇಳಿಸಿತು.

“ಜ್ವರ ಬಂದಿತ್ತಮ್ಮ,” ಎಂದ ನರಸಿಂಹಪ್ಪ.

ಕದಿರಮ್ಮ ಎಡಗೈಯಿಂದ ಹುಳುತಟ್ಟೆಗಳ ಸ್ಟ್ಯಾಂಡನ್ನು ಜಗ್ಗಿದಳು. ಅದು ದಢಾರನೆ ಬಿತ್ತು. ಆ ಸಲದ ರೇಷ್ಮೆ ಬೆಳೆಯೆಲ್ಲ ನೆಲದ ಪಾಲಾಯಿತು. ಹುಡುಗಿಯ ತಾಯಿ ಓಡಿಬಂದು ಬಾಗಿಲು ತಳ್ಳಿದಳು.

“ಯಾರಿವ್ರು?”

“ಕೂಲಿಯೋಳು. ಮಾತು ಬರಲ್ಲ,” ಎಂದಳು ಅಶ್ವತ್ಥಮ್ಮ.

ಕದಿರಮ್ಮ ರವಿಕೆಯೊಳಗಿನ ತಾಳಿ ಎಳೆದು ತೋರಿಸಿದಳು. ಅದೇ ಕೈಯಿಂದ ನರಸಿಂಹಪ್ಪನತ್ತ ಬೆರಳು ಮಾಡಿದಳು.

“ಬದುಕಿರೋಳ್ನೇ ಸಾಯಿಸಿದ್ರಲ್ಲ! ಇಂಥ ಮನೆಗೆ ಹೆಣ್ಣು ಕೊಡೋದಾ?” ತಂದಿದ್ದ ಹಣ್ಣನ್ನೂ ಎತ್ತಿಕೊಂಡು ಅವರು ಹೊರಟುಹೋದರು.

ನರಸಿಂಹಪ್ಪ ಹೊಡೆಯಲು ಕೈಯೆತ್ತಿದ. ಅವಳು ಸೊಟ್ಟ ಮುಖವನ್ನು ಇನ್ನಷ್ಟು ಮುಂದೊಡ್ಡಿದಳು. ಅವನ ಕೈ ಇಳಿಯಿತು.

ಸುದ್ದಿ ಕೇಳಿ ಬಂದ ಅವಳ ಅಣ್ಣ ಬಯ್ಯಪ್ಪ ತವರಿಗೆ ಕರೆದಾಗ ಅವಳು ಒಪ್ಪಲಿಲ್ಲ. ತಾನು ಹೋದರೆ ಇವರಿಗೆ ಹಬ್ಬ. ಅವನ ಗಾಡಿಯಲ್ಲಿ ಚಿಂತಾಮಣಿಗೆ ಹೋಗಿ ಮಾತ್ರೆ ಮಾತ್ರ ತಂದಳು. ಮಾತು ಚೂರುಚೂರಾಗಿ ಮರಳಿತು. ಅದೇ ಮನೆಯಲ್ಲಿ ಬೇರೆ ಒಲೆ ಹೂಡಿ, ಎಡಗೈಯಲ್ಲೇ ಮುದ್ದೆ ತಿರುವಿ ಮಕ್ಕಳನ್ನು ಸಾಕಿದಳು. ಅತ್ತೆ ಸಾಯುವಾಗ ನೀರು ಕೇಳಿದರೆ ಮಗಳ ಕೈಲಿ ಕಳಿಸಿದಳು. ತಾನು ಆ ಕಡೆ ಸುಳಿಯಲಿಲ್ಲ.