ಕಿವಿ ಮೇಸ್ತ್ರಿ ಕಟ್ಟಿದ ಕಾರು

ಆ ಶೆಡ್ಡಿಗೆ ಬರುತ್ತಿದ್ದ ಕಾರುಗಳೆಲ್ಲ ಹಳೆಯವು. ತಂತಿ ಚುಚ್ಚಿದರೆ ಕಂಪ್ಯೂಟರ್ ರೋಗ ಹೇಳುವ ಹೊಸ ಕಾರುಗಳಿಗೆ ಅಲ್ಲಿ ಕೆಲಸವಿರಲಿಲ್ಲ. ಕಾರ್ಬುರೇಟರ್ ಇರುವ, ಬಾನೆಟ್ಟು ಎತ್ತಿದರೆ ಸಂದಿಯಲ್ಲಿ ನೆಲ ಕಾಣುವ ಕಾರುಗಳು ಬರುತ್ತಿದ್ದವು. ಬಂದವರು ಕೇಳುತ್ತಿದ್ದದ್ದು ಒಂದೇ ಮಾತು: "ಕಿವಿ ಮೇಸ್ತ್ರಿ ಇದ್ದಾರಾ?"

ಇದ್ದೇ ಇರುತ್ತಿದ್ದ. ಎಲ್ಲಿಗೆ ಹೋದಾನು? ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಇಂಜಿನ್ನಿಗೆ ಊರಿ, ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚುತ್ತಿದ್ದ. ಶೆಡ್ಡಿನಲ್ಲಿ ಸ್ಪ್ಯಾನರುಗಳೆಲ್ಲ ನಿಲ್ಲುತ್ತಿದ್ದವು. ಆಮೇಲೆ ಸ್ಪಾರ್ಕ್ ಹಂಚುವ ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ತಿರುಗಿಸಿ, "ಹೋಗು, ಇನ್ನು ಹತ್ತು ವರ್ಷ ನಿನ್ನ ಮಾತು ಕೇಳುತ್ತೆ" ಅನ್ನುತ್ತಿದ್ದ. ಏಳನೇ ತರಗತಿಯಲ್ಲಿ ಮೂರು ಸಲ ಡುಮ್ಕಿ ಹೊಡೆದ ಮಹಾನುಭಾವ. ಯಾರಾದರೂ ಸರ್ಟಿಫಿಕೇಟು ಕೇಳಿದರೆ, "ತಲೆಯ ಎರಡೂ ಪಕ್ಕಕ್ಕೆ ಅಂಟಿಸಿಕೊಂಡಿದ್ದೀನಿ, ಓದಿಕೊಳ್ಳಿ" ಅನ್ನುವಷ್ಟು ಕೊಬ್ಬು ಇತ್ತು. ಆ ಕೊಬ್ಬನ್ನು ಯಾರೂ ತಪ್ಪು ತಿಳಿಯುತ್ತಿರಲಿಲ್ಲ, ಏಕೆಂದರೆ ಅವನಿಗೆ ಬೇರೆ ಯಾವ ಆಸ್ತಿಯೂ ಇರಲಿಲ್ಲ.

ಶೆಡ್ಡು ಅವನದಲ್ಲ, ಅವನ ಹೆಂಡತಿಯ ತಮ್ಮನದು. ಬಾಮೈದನಿಗೆ ಸ್ಪ್ಯಾನರ್ ಹಿಡಿಯುವುದನ್ನು ಕಲಿಸಿದವನೇ ಮೇಸ್ತ್ರಿ. ಈಗ ಶಿಷ್ಯ ಯಜಮಾನ, ಗುರು ಸಂಬಳದವನು. ಇದರಲ್ಲಿ ಇಬ್ಬರಿಗೂ ಬೇಸರವಿರಲಿಲ್ಲ. ಮೇಸ್ತ್ರಿ ಕಿವಿ ಕೊಟ್ಟು ಬಿಟ್ಟ ಕಾರನ್ನು ಬಾಮೈದ ಒಂದು ಸುತ್ತು ಓಡಿಸಿ ತಂದು ಗಿರಾಕಿಗೆ ಒಪ್ಪಿಸುತ್ತಿದ್ದ.

ಐವತ್ನಾಲ್ಕನೇ ವಯಸ್ಸಿಗೆ ಮೇಸ್ತ್ರಿಗೆ ಒಂದು ಹುಚ್ಚು ಹತ್ತಿತು. ಊರಿನ ಕಾರುಗಳಿಗೆಲ್ಲ ಓಟ ಕಲಿಸಿದವನು ತಾನು ಮಾತ್ರ ಬಸ್ಸಿನಲ್ಲಿ ನೇತಾಡಿಕೊಂಡು ಬರುತ್ತಿದ್ದ. ಅದೂ ಅಷ್ಟೇನೂ ಚುಚ್ಚಿರಲಿಲ್ಲ. ಚುಚ್ಚಿದ್ದು ಒಬ್ಬ ಎಳೆಯ ಗಿರಾಕಿ ನಗುನಗುತ್ತಾ ಆಡಿದ ಮಾತು: "ಮೇಸ್ತ್ರಿ, ಕಿವಿಯಲ್ಲಿ ಕೇಳಿ ಟ್ಯೂನ್ ಮಾಡೋ ಕಾಲ ಮುಗೀತು. ಈಗೇನಿದ್ದರೂ ಲ್ಯಾಪ್‌ಟಾಪು." ಅಂದು ಸಂಜೆಯೇ ಅವನು ಗುಜರಿ ಅಂಗಳಕ್ಕೆ ಹೋಗಿ ಎರಡು ಬಾಗಿಲಿನ ಒಂದು ಪುಟ್ಟ ಹಳೆಯ ಕಾರನ್ನು ನೋಡಿಕೊಂಡು ಬಂದ. ಸಾವಿರದ ಮುನ್ನೂರು ಸಿಸಿ ಇಂಜಿನ್ನು, ಗೆದ್ದಲು ಹಿಡಿದ ಬಾಗಿಲಿನ ಹಾಗೆ ತುಕ್ಕು ತಿಂದ ಬಾಡಿ. ಇದನ್ನು ಬೀದಿಯಲ್ಲಿ ಓಡುವ, ಏರಿನಲ್ಲಿ ದೊಡ್ಡ ದೊಡ್ಡ ಕಾರುಗಳನ್ನು ಹಿಂದೆ ಹಾಕುವ ಕಾರಾಗಿ ಕಟ್ಟಬೇಕು. ಲ್ಯಾಪ್‌ಟಾಪಿಲ್ಲದೆ, ಬರೀ ಕಿವಿಯಿಂದ. ಅದು ಓಡಿದರೆ ಅವನ ಕಿವಿಗೆ ಬೆಲೆ. ಓಡದಿದ್ದರೆ ಆ ಹುಡುಗ ಹೇಳಿದ್ದೇ ಸರಿ.

"ಬಟ್ಟೆ ಒಣಗಿಸೋ ಜಾಗಕ್ಕೂ ಕುತ್ತು ಬಂತು" ಎಂದು ಹೆಂಡತಿ ಗೊಣಗಿದಳು. ಕಾರು ಹಿತ್ತಲಿನ ತಗಡಿನ ಚಪ್ಪರದ ಕೆಳಗೆ ಬಂದು ಕೂತಿತು.

ಇಂಜಿನ್ನಿಗೆ ಏನೇನು ಹಾಕಬೇಕು ಎನ್ನುವುದಕ್ಕೆ ಒಂದು ಭಾನುವಾರ ಭಾವ ಬಾಮೈದ ಇಬ್ಬರೂ ಊಟದ ಮೇಜಿನ ಮೇಲೆ ಕಾಗದ ಹರಡಿಕೊಂಡು ಕೂತರು. ಹೊಲಿಗೆ ಅಂಗಡಿ ನಡೆಸುವ ಮಗಳು ಪಕ್ಕದಲ್ಲಿ ಗುಂಡಿ ಹೊಲಿಯುತ್ತಾ ಕೇಳಿಸಿಕೊಳ್ಳುತ್ತಿದ್ದಳು.

"ಮೊದಲು ಬ್ರೇಕು, ದೊಡ್ಡ ರೇಡಿಯೇಟರು" ಎಂದ ಬಾಮೈದ. "ಆಮೇಲೆ ಒಳ್ಳೆ ಎಕ್ಸಾಸ್ಟು, ಕಾರ್ಬುರೇಟರಿಗೆ ಜೆಟ್ಟು, ಹದವಾದ ಒಂದು ಕ್ಯಾಮ್‌ಶಾಫ್ಟು. ಮೊದಲನೇ ಕಾರಿಗೆ ಇಷ್ಟು ಸಾಕು ಭಾವ. ರೋಡಲ್ಲಿ ಓಡಿಸೋದು, ರೇಸಿಗಲ್ಲ."

"ಇಷ್ಟೇ ಮಾಡೋಕೆ ನಾನ್ಯಾಕೆ ಬೇಕು? ಪುಸ್ತಕ ನೋಡ್ಕೊಂಡು ಯಾರು ಬೇಕಾದ್ರೂ ಮಾಡ್ತಾರೆ."

"ಹಾಗಾದ್ರೆ ಟರ್ಬೋ ಹಾಕಿ."

"ಅದು ಪಕ್ಕದ ಮನೆಯವನ ಹತ್ತಿರ ಉಸಿರು ಸಾಲ ತಗೊಂಡ ಹಾಗೆ. ನನ್ನ ಇಂಜಿನ್ನು ತನ್ನ ಉಸಿರಲ್ಲೇ ಓಡಬೇಕು."

ಮೇಸ್ತ್ರಿಯ ಮನಸ್ಸು ಆಗಲೇ ಒಂದು ಕಡೆ ವಾಲಿತ್ತು. ಕಂಪ್ರೆಷನ್ನು. ಸಿಲಿಂಡರಿನೊಳಗೆ ಗಾಳಿ ಪೆಟ್ರೋಲನ್ನು ಎಷ್ಟು ಬಿಗಿಯಾಗಿ ಹಿಂಡುತ್ತೀಯೋ ಅಷ್ಟು ಬಲ. ಕಂಪನಿ ಒಂಬತ್ತು ಪಾಲನ್ನು ಒಂದಕ್ಕೆ ಹಿಂಡಿತ್ತು. ಮೇಸ್ತ್ರಿ ಉಬ್ಬುತಲೆಯ ಪಿಸ್ಟನ್ನು ಹಾಕಿ, ಸಿಲಿಂಡರಿನ ಮುಚ್ಚಳವಾದ ಹೆಡ್ಡನ್ನು ತೇಯಿಸಿ, ಹನ್ನೊಂದೂವರೆಗೆ ಏರಿಸಬೇಕು ಅಂದುಕೊಂಡಿದ್ದ. ಆದರೆ ಅತಿಯಾಗಿ ಹಿಂಡಿದರೆ, ಅಥವಾ ಸ್ಪಾರ್ಕ್ ಬೇಗ ಬಂದರೆ, ಪೆಟ್ರೋಲು ಅವಸರದಲ್ಲಿ ಸಿಡಿದು ಪಿಸ್ಟನ್ನಿನ ತಲೆಗೆ ಸುತ್ತಿಗೆಯ ಹಾಗೆ ಕುಟ್ಟುತ್ತದೆ. ಆ ಕುಟ್ಟು ದೊಡ್ಡ ಸದ್ದಲ್ಲ. ಇಂಜಿನ್ನಿನ ಆರ್ಭಟದ ಹಿಂದೆ ಎಲ್ಲೋ ಚಿಣಿಚಿಣಿ ಅನ್ನುವ ಸಣ್ಣ ಸದ್ದು. ಅದನ್ನು ಕೇಳಿಸಿಕೊಂಡು ತಡೆಯುವವನೇ ಮೇಸ್ತ್ರಿ, ಕೇಳಿಸದವನು ಇಂಜಿನ್ನು ಸುಡುವವನು.

"ಹತ್ತಕ್ಕಿಂತ ಮೇಲೆ ಬೇಡ" ಎಂದ ಬಾಮೈದ, ಕಾಗದ ನೋಡುತ್ತಾ.

"ಕಿವಿ ಇಲ್ಲದೋರು ಹತ್ತಕ್ಕೆ ನಿಲ್ಲಬೇಕಪ್ಪಾ. ನನಗೆ ಇದ್ಯಲ್ಲ."

"ಒಂದು ನಾಕ್ ಮೀಟರ್ ಆದ್ರೂ ಹಾಕಿ. ಕುಟ್ಟಿದ್ರೆ ಕೆಂಪು ದೀಪ ಉರಿಯುತ್ತೆ. ನಾನೇ ತಂದು ಕೊಡ್ತೀನಿ."

"ಇನ್ನು ಸ್ವಲ್ಪ ದಿನಕ್ಕೆ ನನಗೆ ಕೋಲೂ ತಂದು ಕೊಡ್ತೀಯ."

ಬಾಮೈದ ಏನೋ ಹೇಳಲು ಬಾಯಿ ತೆರೆದು, ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅಕ್ಕನ ಮುಖ ನೋಡಿ, ಕಾಗದ ಮಡಚಿದ. ಆದರೂ ಮೀಟರ್ ತಂದು ಕೊಟ್ಟ, ಒಂದಲ್ಲ, ಎರಡು ಸಲ. ಎರಡು ಸಲವೂ ಮೇಸ್ತ್ರಿ ಅದನ್ನು ಡಬ್ಬಿ ಸಮೇತ ವಾಪಸ್ ಮಾಡಿದ.

ಏಳು ತಿಂಗಳು ಕಟ್ಟಿದ. ಪಿಸ್ಟನ್ನು ನಾಲ್ಕನ್ನೂ ತಕ್ಕಡಿಯಲ್ಲಿ ತೂಗಿ, ಒಂದು ಗ್ರಾಮೂ ಹೆಚ್ಚುಕಡಿಮೆಯಾಗದ ಹಾಗೆ ಅರದಿಂದ ಉಜ್ಜಿದ. ಇಂಜಿನ್ನು ಹೆಚ್ಚು ಉಸಿರೆಳೆಯುವಂಥ ಚುರುಕು ಕ್ಯಾಮ್‌ಶಾಫ್ಟು ಹಾಕಿದ. ಹೆಡ್ಡಿನ ಗಾಳಿದಾರಿಯನ್ನು ಬೆರಳಿಗೆ ಗಾಜು ತಾಕಿದ ಹಾಗಾಗುವ ತನಕ ನುಣುಪು ಮಾಡಿದ. ಮುಗಿಯುತ್ತಾ ಬಂದಾಗ ಇಂಡಿಕೇಟರಿನ ಮೇಲೆ ಜಗಳ ಶುರುವಾಯಿತು. ದೀಪ ಮಿನುಗುತ್ತದೆ, ಟಿಕ್ ಟಿಕ್ ಸದ್ದಿಲ್ಲ. ಅಂಗಡಿಯವನಿಗೆ ಬೈದು ಆ ಸದ್ದು ಮಾಡುವ ರಿಲೇಯನ್ನು ಮೂರು ಸಲ ಬದಲಾಯಿಸಿದ. ಮೂರನೆಯದಕ್ಕೂ ಬಾಯಿರಲಿಲ್ಲ. "ಈಗಿನ ಮಾಲೇ ಹಾಗೆ, ಮೂಗ ಮಾಲು" ಎಂದು ಕೈಬಿಟ್ಟ. ಮಗಳು ಅಪ್ಪನ ಮುಖವನ್ನೊಮ್ಮೆ ನೋಡಿದಳು, ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡಳು.

ಟೈಮಿಂಗ್, ಅಂದರೆ ಸ್ಪಾರ್ಕ್ ಬರುವ ಹೊತ್ತು, ಕೂರಿಸುವುದಕ್ಕೆ ಮಗಳನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಹೊರಟ. ವಿಧಾನ ಸರಳ: ಕುಟ್ಟು ಕೇಳಿಸುವ ತನಕ ಸ್ಪಾರ್ಕನ್ನು ಮುಂದೆ ಮುಂದೆ ತರುವುದು, ಕೇಳಿಸಿದ ತಕ್ಷಣ ಎರಡು ಕೂದಲೆಳೆ ಹಿಂದಕ್ಕೆ. ಗೋಡೌನುಗಳ ಹಿಂದಿನ ಖಾಲಿ ರಸ್ತೆಯಲ್ಲಿ ಓಡಿಸುವನು, ನಿಲ್ಲಿಸುವನು, ಇಳಿದು ತಿರುಗಿಸುವನು, ಮತ್ತೆ ಓಡಿಸುವನು. ಕುಟ್ಟು ಬರಲೇ ಇಲ್ಲ. ಅವನ ಮುಖ ಅರಳುತ್ತಾ ಹೋಯಿತು.

"ಇಷ್ಟು ಮುಂದೆ ತಂದ್ರೂ ಕುಟ್ಟಲ್ಲ ಅಂತಿದೆ! ಎಂಥ ಹೆಡ್ಡು ಕೂರಿಸಿದ್ದೀನಿ ನೋಡೇ!"

ಮೂವತ್ತು ವರ್ಷದಲ್ಲಿ ಅಪ್ಪ ಹಾಗೆ ನಕ್ಕದ್ದನ್ನು ಅವಳು ನೋಡಿರಲಿಲ್ಲ. ಅವಳೂ ನಕ್ಕಳು.

ಹದಿನೈದು ದಿನ ಹಾಗೆಯೇ ಓಡಿಸಿದ. ಮೂರನೇ ಭಾನುವಾರ ಬೆಳಿಗ್ಗೆ ಹೆಂಡತಿಯನ್ನು ಪಕ್ಕದ ಸೀಟಿಗೆ ತುರುಕಿ ಊರಾಚೆಯ ಗುಡ್ಡದ ರಸ್ತೆ ಹತ್ತಿಸಿದ. ಅಬ್ಬಾ, ಕಾರು ಹೋಯಿತು! ಅದನ್ನು ಇಲ್ಲ ಎನ್ನಲಾಗದು. ಮೊದಲ ತಿರುವಿನಲ್ಲೇ ಒಂದು ದೊಡ್ಡ ಬಿಳಿ ಕಾರನ್ನು ಹಿಂದೆ ಹಾಕಿದ. ಬದುಕಿನಲ್ಲಿ ಅವನಿಗೆ ದಕ್ಕಿದ ಓಟ ಅದೊಂದೇ. ಹೆಚ್ಚೆಂದರೆ ನಾಲ್ಕು ನಿಮಿಷ.

"ಏನ್ರೀ ಅದು, ಡಬ್ಬಿಯಲ್ಲಿ ಹರಳು ಹಾಕಿ ಅಲ್ಲಾಡಿಸಿದ ಹಾಗೆ?" ಎಂದಳು ಹೆಂಡತಿ.

"ಎಲ್ಲಿ?"

"ಮುಂದೆ. ಕೇಳಿಸ್ತಿಲ್ವಾ?"

"ನಂಬರ್ ಪ್ಲೇಟಿರಬೇಕು" ಎಂದು ಅವನು ಇನ್ನಷ್ಟು ಒತ್ತಿದ.

ಢಬ್ ಎಂದಿತು. ಆ ಸದ್ದು ಮಾತ್ರ ಅವನಿಗೂ ಕೇಳಿಸಿತು. ಹಿಂದೆ ನೀಲಿ ಹೊಗೆ, ಕಾಲಡಿ ಬಲವೇ ಇಲ್ಲ. ಹಿಂದಿಕ್ಕಿದ್ದ ಬಿಳಿ ಕಾರು ಹಾರ್ನ್ ಹೊಡೆದುಕೊಂಡು ದಾಟಿ ಹೋಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಸೋಮವಾರ ಶೆಡ್ಡಿನಲ್ಲಿ ಇಬ್ಬರೂ ಸೇರಿ ಹೆಡ್ಡು ಬಿಚ್ಚಿದರು. ಮೂರನೇ ಪಿಸ್ಟನ್ನಿನ ಅಂಚು ಮುರಿದು ಹೋಗಿತ್ತು. ಉಳಿದ ಮೂರರ ತಲೆಯೂ ಇಲಿ ಕಡಿದ ಬೆಲ್ಲದಚ್ಚಿನ ಹಾಗೆ ಗುಳಿಗುಳಿ. ಮೇಸ್ತ್ರಿ ಬೆರಳಾಡಿಸಿ ನೋಡಿದ. ಇದು ಒಂದು ದಿನದಲ್ಲಿ ಆದದ್ದಲ್ಲ. ದಿನಗಟ್ಟಲೆ ಕುಟ್ಟಿದೆ. ಅಷ್ಟೂ ದಿನ ಅವನೇ ಕೂತು ಓಡಿಸಿದ್ದಾನೆ.

ಮನೆಗೆ ಹೋಗಿ ಮಗಳನ್ನು ಕೇಳಿದ. "ನಿಮ್ಮಮ್ಮ ಹೇಳಿದ ಆ ಹರಳಿನ ಸದ್ದು ನಿನಗೆ ಮೊದಲು ಯಾವಾಗ ಕೇಳಿಸ್ತು?"

"ಮೊದಲನೇ ದಿನಾನೇ ಅಪ್ಪಾ. ನೀನು ಅಷ್ಟು ಖುಷಿಯಾಗಿದ್ದೆ. ಜೋರಾಗಿ ಓಡೋ ಕಾರೆಲ್ಲ ಹಾಗೇ ಸದ್ದು ಮಾಡುತ್ತೆ ಅಂದ್ಕೊಂಡೆ."

ಅವಳೇ ಮರುದಿನ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಗೋಡೆಗೆಲ್ಲ ಸ್ಪಂಜು ಅಂಟಿಸಿದ ಒಂದು ಗೂಡು. ಕಿವಿಗೆ ಹೆಡ್‌ಫೋನ್, ಕೈಗೆ ಒಂದು ಗುಂಡಿ: ಸದ್ದು ಕೇಳಿಸಿದಾಗ ಒತ್ತಬೇಕು. ಮೊದಮೊದಲು ಮೇಸ್ತ್ರಿ ಟಪಟಪ ಒತ್ತಿದ, ಪರೀಕ್ಷೆ ಗೆದ್ದವನ ಹಾಗೆ. ಆಮೇಲೆ ಏನೂ ಬರಲಿಲ್ಲ. ಯಂತ್ರ ಕೆಟ್ಟಿರಬೇಕು ಎಂದು ಕಾದ. ಗಾಜಿನಾಚೆ ಕೂತ ಹೆಣ್ಣುಮಗಳು ಏನೇನೋ ಬರೆದುಕೊಳ್ಳುತ್ತಲೇ ಇದ್ದಳು.

"ಉಳಿದದ್ದು ಯಾವಾಗ ಶುರು ಮಾಡ್ತೀರಮ್ಮಾ?"

"ಎಲ್ಲಾ ಮುಗೀತು" ಎಂದಳು ಅವಳು, ಮೆತ್ತಗೆ. "ದಪ್ಪ ಸದ್ದು ನಿಮಗೆ ಚೆನ್ನಾಗೇ ಕೇಳುತ್ತೆ. ಸಣ್ಣ, ಚೂಪಾದ ಸದ್ದು ಪೂರ್ತಿ ಹೋಗಿದೆ. ಗದ್ದಲದಲ್ಲಿ ಕೆಲಸ ಮಾಡೋರಿಗೆ ಹೀಗೆ ನಿಧಾನವಾಗಿ ಹೋಗುತ್ತೆ. ಹೋಗಿದ್ದು ಅವರಿಗೇ ಗೊತ್ತಾಗಲ್ಲ."

"ವಾಪಸ್ ಬರುತ್ತಾ?"

"ಇಲ್ಲ. ಮಾತು ಕೇಳಿಸೋಕೆ ಒಂದು ಮಿಷನ್ ಕೊಡಬಹುದು."

ಮಾತು ಯಾರಿಗೆ ಬೇಕಾಗಿತ್ತು? ಬಸ್ಸಿನಲ್ಲಿ ಮಗಳ ಪಕ್ಕ ಕೂತು ಬರುವಾಗ ಅವನಿಗೆ ಅಳು ಬಂತು, ಅತ್ತ. ಆದರೆ ಅದಕ್ಕಿಂತ ಕೆಟ್ಟ ಯೋಚನೆ ಮನೆ ತಲುಪುವ ಮೊದಲೇ ತಲೆಗೆ ಹೊಕ್ಕಿತು. ನಿಧಾನವಾಗಿ ಹೋದ ಕಿವಿ ಎಂದಿನಿಂದ ಹೋಗಿದೆ? ಅಂದಿನಿಂದ ಎಷ್ಟು ಜನರ ಇಂಜಿನ್ನಿಗೆ ತಾನು ಕಿವಿ ಇಟ್ಟು "ಹೋಗು" ಅಂದಿದ್ದೇನೆ? ಕಳೆದ ತಿಂಗಳು ಬಂದಿದ್ದ ದಂತವೈದ್ಯೆಯ ಕಾರು, ಬಾಡಿಗೆ ಕಾರಿನವನ ಹೊಟ್ಟೆಪಾಡು. ಅವೆಲ್ಲ ಎಲ್ಲೆಲ್ಲಿ ಸುಟ್ಟು ನಿಂತಿವೆ? ರಾತ್ರಿಯೆಲ್ಲ ಲೆಕ್ಕ ಹಾಕಿದ. ಬೆಳಗಾಗುವ ಹೊತ್ತಿಗೆ ಒಂದು ವಿಷಯ ಹೊಳೆಯಿತು: ಒಂದು ಕಾರೂ ವಾಪಸ್ ಬಂದಿಲ್ಲ. ಒಬ್ಬನೂ ಬೈದಿಲ್ಲ. ಎಲ್ಲವೂ ನೆಟ್ಟಗೆ ಓಡುತ್ತಿವೆ. ಅದು ಹೇಗೆ?

ಅವನು ಹೋದಾಗ ಬಾಮೈದ ಶೆಡ್ಡಿನ ಬಾಗಿಲು ತೆಗೆಯುತ್ತಿದ್ದ. ಪಕ್ಕದಲ್ಲಿ ಇಬ್ಬರು ಕೆಲಸದವರು ಹೊರಗೆ ನಿಂತ ಕಾರಿನ ಒಂದು ಗಾಲಿ ಬಿಚ್ಚಲು ಆಗಲೇ ಕೂತಿದ್ದರು. ಮೇಸ್ತ್ರಿ ನೇರವಾಗಿ ಕೇಳಿದ.

"ನನ್ನ ಕೈಯಿಂದ ಹೋದ ಕಾರು ಯಾಕೋ ಕೆಡಲಿಲ್ಲ?"

ಬಾಮೈದ ಬೀಗವನ್ನು ಜೇಬಿಗೆ ಹಾಕಿಕೊಂಡ. ಇನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ ಎಂದು ಅವನಿಗೂ ಅನ್ನಿಸಿರಬೇಕು.

"ಒಂದು ಸುತ್ತು ಓಡಿಸಿ ಬರ್ತೀನಿ ಅಂತ ಹೋಗ್ತಿದ್ದೆನಲ್ಲ, ಆಗ ಗೋಡೌನ್ ಹಿಂದೆ ನಿಲ್ಲಿಸಿ, ಸ್ಪಾರ್ಕ್ ಸರಿಯಾದ ಹೊತ್ತಿಗೆ ಬರ್ತಿದ್ಯಾ ಅಂತ ಟೈಮಿಂಗ್ ಲೈಟು ಹಿಡಿದು ನೋಡ್ತಿದ್ದೆ. ಸರಿ ಮಾಡಿ ತರ್ತಿದ್ದೆ."

"ಎಷ್ಟು ದಿನದಿಂದ?"

"ಮೂರು ವರ್ಷ. ಮೊದಲು ನಾಲ್ಕರಲ್ಲಿ ಒಂದು. ಈ ವರ್ಷ ಎಲ್ಲಾ."

ಮೂರು ವರ್ಷ ಜನ ಕೈ ಮುಗಿದದ್ದು, ಬೆನ್ನು ತಟ್ಟಿದ್ದು, ದೂರದೂರಿಂದ ಹುಡುಕಿಕೊಂಡು ಬಂದದ್ದು ಎಲ್ಲ ಮೇಸ್ತ್ರಿಯ ಕಣ್ಣ ಮುಂದೆ ಹಾದು ಹೋಯಿತು. ಬಾಮೈದನ ಮೇಲೆ ಕೋಪ ಮಾಡಿಕೊಳ್ಳಲು ನೋಡಿದ. ಕೋಪಕ್ಕೆ ಹಿಡಿಯಲು ಒಂದು ಕಡೆ ಮಾತ್ರ ಸಿಕ್ಕಿತು.

"ಊರವರ ಕಾರಿಗೆಲ್ಲ ಮಾಡಿದೋನು ನನ್ನ ಕಾರಿಗೆ ಯಾಕೆ ಮಾಡಲಿಲ್ಲ? ಹಿತ್ತಲಲ್ಲೇ ನಿಂತಿತ್ತಲ್ಲೋ."

"ಬಂದಿದ್ದೆ ಭಾವ. ನೀವಿಲ್ಲದಾಗ ಅಕ್ಕನ ಹತ್ತಿರ ಕೀ ಇಸ್ಕೊಂಡು, ಬಾನೆಟ್ಟು ಎತ್ತಿ, ಡಿಸ್ಟ್ರಿಬ್ಯೂಟರ್ ಮೇಲೆ ಕೈ ಕೂಡ ಇಟ್ಟಿದ್ದೆ." ಅವನ ದನಿ ತಗ್ಗಿತು. "ತಿರುಗಿಸಲಿಲ್ಲ. ನಿಮಗೆ ಬಾಯಲ್ಲಿ ಹೇಳೋಕೆ ನನ್ನಿಂದ ಆಗಲಿಲ್ಲ. ಇಂಜಿನ್ನೇ ಹೇಳಲಿ ಅಂತ ಬಿಟ್ಟೆ."

ಮೇಸ್ತ್ರಿಗೆ ಪ್ರತಿಯೊಂದು ಅಕ್ಷರವೂ ಕೇಳಿಸಿತು. ಆದರೂ, ಇನ್ನೊಮ್ಮೆ ಕೇಳಿದರೆ ಇವನು ಬೇರೆ ಏನಾದರೂ ಹೇಳಿಯಾನೇನೋ ಎಂಬ ಹಾಳು ಆಸೆಯಿಂದ, "ಏನಂದೆ?" ಎಂದ.

ಬಾಮೈದ ಪಾಪ, ಕೇಳಿಸಲಿಲ್ಲ ಅಂದುಕೊಂಡ. ಹತ್ತಿರ ಬಂದ. ಭಾವನ ಕಿವಿಯ ಬಳಿ ಬಗ್ಗಿ, ಕಿವುಡರಿಗೆ ಹೇಳುವ ಹಾಗೆ ಒಂದೊಂದೇ ಪದ ಬಿಡಿಸಿ, ಜೋರಾಗಿ ಕೂಗಿ ಹೇಳಿದ. ಗಾಲಿ ಬಿಚ್ಚುತ್ತಿದ್ದ ಇಬ್ಬರೂ ಕೆಲಸ ನಿಲ್ಲಿಸಿ ತಿರುಗಿ ನೋಡಿದರು.

ಮೇಸ್ತ್ರಿ ಈಗಲೂ ಅದೇ ಶೆಡ್ಡಿಗೆ ಹೋಗುತ್ತಾನೆ, ಬೋಲ್ಟು ತೊಳೆಯುತ್ತಾನೆ, ಗಾಲಿಗೆ ಗಾಳಿ ಹಾಕುತ್ತಾನೆ. ಅಂದಿನಿಂದ ಅಲ್ಲಿ ಎಲ್ಲರೂ ಅವನ ಜೊತೆ ಹಾಗೆಯೇ ಕೂಗಿ ಮಾತಾಡುತ್ತಾರೆ.