ಎದುರಿಗೆ ಏನೂ ಕಾಣದಿದ್ದರೂ ಕಾಯಬೇಕು

ಹೋದ ತಿಂಗಳು ಇದೇ ಅಂಕಣದಲ್ಲಿ ನನ್ನ ತಮ್ಮನ ಪರವಾಗಿ ನಾನೊಂದು ಜಗಳ ಆಡಿದ್ದೆ. ಕೆಲವರಿಗೆ ನೆನಪಿರಬಹುದು. ಆ ಜಗಳದಲ್ಲಿ ತಪ್ಪು ನನ್ನದೇ. ಅದನ್ನು ಒಪ್ಪಿಕೊಳ್ಳಲೆಂದೇ ಈ ವಾರ ಬರೆಯಲು ಕೂತಿದ್ದೇನೆ.

ಓದದವರಿಗೆ ಹೇಳುತ್ತೇನೆ. ತಮ್ಮ ಸುಧಾಕರ ಮುಂಬೈ ಬಂದರಿನಲ್ಲಿ ಪ್ರಯಾಣಿಕರ ಲಾಂಚ್ ಓಡಿಸುತ್ತಾನೆ. ಆಚೆ ದಡಕ್ಕೆ ಹೋಗಬೇಕಾದರೆ ದೊಡ್ಡ ಹಡಗುಗಳ ದಾರಿಯನ್ನು ಅಡ್ಡ ದಾಟಬೇಕು. ಇಷ್ಟು ವರ್ಷ ಹೇಗೆ ದಾಟುತ್ತಿದ್ದ? ಎಡಕ್ಕೆ ನೋಡುತ್ತಿದ್ದ, ಬಲಕ್ಕೆ ನೋಡುತ್ತಿದ್ದ, ಎದುರಿನ ಲಾಂಚಿನವನಿಗೆ ಕೈ ಬೀಸಿ ಹೊರಟೇಬಿಡುತ್ತಿದ್ದ. ಈಗ ನಿಯಮ ಬದಲಾಗಿದೆ. ದಾಟುವ ಮೊದಲು ರೇಡಿಯೋದಲ್ಲಿ ಕಂಟ್ರೋಲ್ ರೂಮಿಗೆ ಲಾಂಚಿನ ಹೆಸರು, ಜನ ಎಷ್ಟು, ಎಲ್ಲಿಗೆ ಎಂದು ಹೇಳಬೇಕು. ಅವರು ಹೂಂ ಎನ್ನುವವರೆಗೆ ನಿಂತಿರಬೇಕು.

"ಇಪ್ಪತ್ತು ವರ್ಷ ಆಯ್ತು ಅಕ್ಕ, ಈಗ ಪರ್ಮಿಷನ್ ಕೇಳ್ಬೇಕಂತೆ" ಎಂದು ಫೋನಿನಲ್ಲಿ ಗೊಣಗಿದ್ದ. ನಾನು ನಾಸಿಕದಲ್ಲಿ ಕೂತು (ಸಮುದ್ರ ಇಲ್ಲಿಂದ ನಾಲ್ಕು ಗಂಟೆಯ ದಾರಿ) ಖುರ್ಚಿ ಬಿಟ್ಟು ಏಳದವರಿಗೆ ನೀರಿನ ಬಗ್ಗೆ ಏನು ಗೊತ್ತು ಎಂದು ಬರೆದೇಬಿಟ್ಟೆ. ನೀವೂ ಓದಿ ನಕ್ಕಿರಿ.

ನಾಸಿಕದ ಅಂಬಡ್‌ನಲ್ಲಿರುವ ನಮ್ಮ ಹೋಟೆಲಿಗೆ ವರ್ಷಕ್ಕೊಂದು ದಿನ ರಜೆ. ಅವತ್ತು ಕೆಲಸದವರನ್ನೆಲ್ಲ ಎಲ್ಲಿಗಾದರೂ ಕರೆದುಕೊಂಡು ಹೋಗುವುದು ನನ್ನ ಗಂಡ ಹಾಕಿಕೊಂಡ ಪದ್ಧತಿ. ಈ ಸಲ ಚಪಾತಿ ಲಟ್ಟಿಸುವ ಶಾಂತವ್ವ ಸಮುದ್ರ ನೋಡಬೇಕು ಎಂದಳು. ಯಾದಗಿರಿ ಕಡೆಯವಳು, ಹೊಳೆಗಿಂತ ದೊಡ್ಡ ನೀರು ಕಂಡವಳಲ್ಲ. ಆರು ವರ್ಷದ ಮೊಮ್ಮಗಳು ರೇಣುಕಾಳನ್ನೂ ಕರೆತಂದಳು. ಬೆಳಗಿನ ರೈಲು ಹಿಡಿದು ನಾವು ಒಂಬತ್ತು ಜನ ಸುಧಾಕರನ ಲಾಂಚ್ ಹತ್ತಿದೆವು. ಬೇರೆ ಪ್ರಯಾಣಿಕರೂ ಇದ್ದರು.

ಹಡಗಿನ ದಾರಿ ಹತ್ತಿರ ಬಂತು. ನೀರಿನ ಮೇಲೆ ಮಬ್ಬು. ಬಲಗಡೆ ಲಂಗರು ಹಾಕಿದ ಒಂದು ಹಡಗು, ಅದು ಬಿಟ್ಟರೆ ಏನಿಲ್ಲ. ಸುಧಾಕರ ಲಾಂಚ್ ನಿಲ್ಲಿಸಿ ರೇಡಿಯೋದಲ್ಲಿ ಮಾತಾಡಿದ. "ರುಕಿಯೇ" ಎಂದಿತು ಒಂದು ಹೆಣ್ಣು ದನಿ. ಸರಿ, ನಿಂತೆವು. ಐದು ನಿಮಿಷ, ಹತ್ತು ನಿಮಿಷ. ಬಿಸಿಲು ಚುರುಗುಟ್ಟುತ್ತಿತ್ತು. ಲೈಫ್ ಜಾಕೆಟ್ ಒಳಗೆ ಬೆವರು. ಹಿಂದಿನಿಂದ ಯಾರೋ ಮರಾಠಿಯಲ್ಲಿ ಬೈಯತೊಡಗಿದರು.

ಆಗ ಬಾಯಿ ಹಾಕಿದವಳು ಯಾರು? ನಾನೇ.

"ಎದುರಿಗೆ ಎಂತದೂ ಇಲ್ವಲ್ಲ ಮಾರಾಯ. ಹೋಗು. ಯಾರು ನೋಡ್ತಾರೆ?"

ಅವನ ಕೈ ಗೇರಿನ ಮೇಲೆ ಹೋಯಿತು. ನಾನು ಕಂಡೆ. ಅಕ್ಕ ಹೇಳಿದ ಮಾತು, ಅದೂ ಪೇಪರಿನಲ್ಲಿ ಬರೆಯುವ ಅಕ್ಕ. ಆದರೂ ಅವನು ಕೈ ತೆಗೆದ.

"ಸುಮ್ನೆ ಕೂತ್ಕೊ ಅಕ್ಕ. ಅವರು ಹೇಳದೆ ಹೋಗ್ಲಿಕ್ಕಿಲ್ಲ."

ನನಗೆ ಸಿಟ್ಟು ಬಂತು. ಮುಖ ತಿರುಗಿಸಿ ಕೂತೆ.

ಎರಡು ನಿಮಿಷವೂ ಆಗಿರಲಿಲ್ಲ. ಲಂಗರು ಹಾಕಿದ ಆ ಹಡಗಿನ ಹಿಂದಿನಿಂದ ಇನ್ನೊಂದು ಹಡಗಿನ ಮೂತಿ ಹೊರಬಂತು. ಮೂತಿಯೇ ಮುಗಿಯಲೊಲ್ಲದು. ಕಂಟೇನರುಗಳ ಗೋಡೆ, ಸದ್ದೇ ಇಲ್ಲ. ನಾವು ಹೋಗಬೇಕಿದ್ದ ನೀರಿನ ಮೇಲೆಯೇ ಅದು ಸಾಗಿತು. ಬೈಯುತ್ತಿದ್ದವರು ಕಂಬಿ ಹಿಡಿದುಕೊಂಡರು. ಅಲೆ ಬಂದು ಲಾಂಚ್ ಎತ್ತಿ ಹಾಕಿದಾಗ ಶಾಂತವ್ವ ಮೊಮ್ಮಗಳನ್ನು ಅವುಚಿಕೊಂಡು ನನ್ನ ತೋಳು ಹಿಡಿದಳು.

"ಅಕ್ಕಾರ, ನಾವು ಹೋಗಿದ್ರ ಅದು ಬ್ರೇಕ್ ಹಾಕ್ತಿತ್ತೇನ್ರಿ?"

"ಇಲ್ಲಮ್ಮ" ಎಂದ ಸುಧಾಕರ. "ಇಂಜಿನ್ ನಿಲ್ಸಿದ್ರೂ ಅದು ಮುಂದೆ ಹೋಗ್ತಾ ಇರ್ತದೆ. ಮೂತಿ ಕೆಳಗೆ ಬಂದ ಲಾಂಚು ಅವರಿಗೆ ಕಾಣುದೂ ಇಲ್ಲ."

ರೇಡಿಯೋದಲ್ಲಿ ಅದೇ ದನಿ "ಅಬ್ ಜಾಯಿಯೇ", ಇನ್ನು ಹೋಗಿ, ಎಂದಿತು. ಸುಧಾಕರ ಥ್ಯಾಂಕ್ಯೂ ಹೇಳುವಷ್ಟರಲ್ಲಿ ಆಕೆ ಬೇರೆ ದೋಣಿಯೊಂದಿಗೆ ಮಾತಾಡುತ್ತಿದ್ದಳು.

ಹಡಗುಗಳು ದೊಡ್ಡದಾಗಿವೆ, ದೋಣಿಗಳು ಹೆಚ್ಚಿವೆ, ನೀರಿನ ದಾರಿ ಮಾತ್ರ ಅಷ್ಟೇ ಅಗಲ. ಹಳೆಯ ನಿಯಮ ಸಾಲದು ಎಂದು ಯಾರಿಗೋ ಹೊಳೆದಿದೆ. ಯಾರೋ ಕೂತು ಒಂದೊಂದು ಸಾಲನ್ನೂ ತಿದ್ದಿದ್ದಾರೆ, ಬೈಸಿಕೊಂಡಿದ್ದಾರೆ. (ಬೈದವರಲ್ಲಿ ನಾನೂ ಒಬ್ಬಳು.) ನಾವು ನಿಯಮವನ್ನು ಗಮನಿಸುವುದು ಅದು ನಮ್ಮನ್ನು ತಡೆದಾಗ ಮಾತ್ರ. ಅದು ಉಳಿಸಿದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ನನ್ನ ಕಣ್ಣಿಗೆ ಬಿತ್ತು, ನನ್ನ ಪುಣ್ಯ. ಆ ಖುರ್ಚಿಯವರಿಗೆಲ್ಲ ನಾನು ಋಣಿ. ಅಕ್ಕನ ಮಾತು ಮೀರಿದ ತಮ್ಮನಿಗೂ.

ಶಾಂತವ್ವನಿಗೆ ನನ್ನ ಹಾಗೆ ಬರೆದು ಕೈ ತೊಳೆದುಕೊಳ್ಳಲು ಬರುವುದಿಲ್ಲ. ಮೊನ್ನೆ ಸೋಮವಾರ ರೇಣುಕಾಳ ಜೊತೆ ನನ್ನನ್ನೂ ಜೀಪು ಹತ್ತಿಸಿಕೊಂಡು ತ್ರ್ಯಂಬಕೇಶ್ವರಕ್ಕೆ ಹೊರಟಳು. ರೇಡಿಯೋದಲ್ಲಿ ಮಾತಾಡಿದ ಆ ಹೆಂಗಸಿನ ಹೆಸರಿನಲ್ಲಿ ಪೂಜೆ ಆಗಬೇಕಂತೆ. ಸುಧಾಕರನಿಗೆ ಫೋನ್ ಮಾಡಿ ಕೇಳಿದರೆ, "ಹೆಸರು ಗೊತ್ತಿಲ್ಲ ಅಕ್ಕ, ಟ್ರಾಫಿಕ್ ಕಂಟ್ರೋಲ್ ಅಂತಲೇ ಕರೆಯುದು" ಎಂದ.

ಪುರೋಹಿತರಿಗೆ ಅದನ್ನೇ ಹೇಳಿದೆ. ಅವರು ನನ್ನನ್ನು ಒಂದು ಸಲ ನೋಡಿ, ಮರಾಠಿಯಲ್ಲಿ ಗೋತ್ರ ಕೇಳಿದರು. ನಾನು ತಬ್ಬಿಬ್ಬಾದೆ.

ಶಾಂತವ್ವ ತಬ್ಬಿಬ್ಬಾಗಲಿಲ್ಲ. ರೇಣುಕಾಳ ತಲೆ ಸವರುತ್ತ ಹೇಳಿದಳು: "ನಮ್ದ ಹೇಳ್ರಿ ಅಕ್ಕಾರ. ಆಕಿ ನಮ್ಮಾಕಿ ಅಲ್ಲಂದ್ರ ಮತ್ಯಾರ್ರಿ?"